ಪಹಣಿಯ ಹಿಂದಿರುವ ಇಬ್ಬರು: ತಂತ್ರಾಂಶ ರಚನೆಯಲ್ಲಿ ಹೊಂದಾಣಿಕೆ

ಜೇವರ್ಗಿ ತಾಲ್ಲೂಕಿನ ನೆಲೋಗಿ ಹೋಬಳಿಯ ರೈತನು ಬೆಳೆಸಾಲಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತಿದಾಗ ಮೊದಲು ಕೇಳಲ್ಪಡುವುದು ಪಹಣಿ. ಬೆಳೆವಿಮೆಗೂ ಅದೇ ಆಧಾರ. ಬೆಂಬಲ ಬೆಲೆಗೆ ತೊಗರಿ ಮಾರಲು ಹೆಸರು ನೋಂದಾಯಿಸುವಾಗಲೂ ನೋಡಲಾಗುವುದು ಅದೇ ಜಮೀನಿನ ವಿವರ. ಆ ಒಂದು ಹಾಳೆಯಲ್ಲಿ ವಿಸ್ತೀರ್ಣದ ಒಂದು ಅಂಕಿ ತಪ್ಪಿದರೆ ರೈತನ ಒಂದು ಹಂಗಾಮು ಕಚೇರಿಗಳ ಅಲೆದಾಟದಲ್ಲಿಯೇ ಕಳೆಯುತ್ತದೆ. ಗಣಕಯಂತ್ರದಿಂದ ಹೊರಬರುವ ಈ ಹಾಳೆಯ ಹಿಂದೆ ಇಬ್ಬರು ದುಡಿದಿರುತ್ತಾರೆ. ಏನು ಬೇಕು, ಏಕೆ ಬೇಕು ಎಂಬುದನ್ನು ನಿರ್ಧರಿಸುವವರು ಒಬ್ಬರು. ಅದನ್ನು ತಂತ್ರಾಂಶವಾಗಿ ಕಟ್ಟಿಕೊಡುವವರು ಇನ್ನೊಬ್ಬರು. ತಂತ್ರಾಂಶ ಉದ್ಯಮದಲ್ಲಿ ಮೊದಲನೆಯವರಿಗೆ ಪ್ರಾಡಕ್ಟ್ ಮ್ಯಾನೇಜರ್ ಎಂದೂ ಎರಡನೆಯವರಿಗೆ ಡೆವಲಪರ್ ಎಂದೂ ಹೆಸರು.

ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಮೂಲ ಇರುವುದು ಸಾಬೂನಿನ ವ್ಯಾಪಾರದಲ್ಲಿ ಎಂಬುದು ವರ್ತಕರಿಗೆ ಕುತೂಹಲದ ಸಂಗತಿಯಾದೀತು. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯಲ್ಲಿ ಕ್ಯಾಮೇ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್‌ರಾಯ್, ಒಂದೊಂದು ಸರಕಿಗೂ ಅದರ ಪೂರ್ಣ ಹೊಣೆ ಹೊರುವ ಒಬ್ಬ ವ್ಯಕ್ತಿ ಇರಬೇಕೆಂದು ಟಿಪ್ಪಣಿ ಬರೆದರು. ಆ ಆಲೋಚನೆಯೇ ಕ್ರಮೇಣ ತಂತ್ರಾಂಶ ಕ್ಷೇತ್ರಕ್ಕೂ ಬಂದಿತು. ಸಾಬೂನಿನ ಕಾರ್ಖಾನೆಗೂ ತಂತ್ರಾಂಶಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸಾಬೂನು ಹೇಗಿರಬೇಕೆಂಬುದನ್ನು ಒಮ್ಮೆ ತೀರ್ಮಾನಿಸಿದರೆ ಸಾಕು. ತಂತ್ರಾಂಶ ಹೇಗಿರಬೇಕೆಂಬುದು ಅದನ್ನು ಕಟ್ಟುತ್ತಾ ಹೋದಂತೆ ಮಾತ್ರ ಸ್ಪಷ್ಟವಾಗುತ್ತದೆ. ಆದುದರಿಂದಲೇ ಈ ಇಬ್ಬರ ನಡುವೆ ಜಗಳಕ್ಕೆ ಅವಕಾಶ ಹೆಚ್ಚು.

‘ಭೂಮಿ’ಯ ಉದಾಹರಣೆ

ಇದರ ಅಧ್ಯಯನಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಕರ್ನಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯೇ ಇದೆ. ಭೂದಾಖಲೆಗಳ ಗಣಕೀಕರಣದ ಪ್ರಯತ್ನ ರಾಜ್ಯದಲ್ಲಿ 1991ರಲ್ಲಿಯೇ ಕೇಂದ್ರ ಸರ್ಕಾರದ ನೆರವಿನಿಂದ ಪ್ರಾರಂಭವಾಗಿತ್ತು. ಆದರೆ ದಾಖಲೆಗಳು ದಿನನಿತ್ಯ ಬದಲಾಗುತ್ತಿದ್ದುದು ತಾಲ್ಲೂಕು ಮಟ್ಟದಲ್ಲಿ. ಆ ಯೋಜನೆಯಲ್ಲಿ ತಾಲ್ಲೂಕಿಗೆ ಗಣಕಯಂತ್ರ ಒದಗಿಸುವ ಏರ್ಪಾಡೇ ಇರಲಿಲ್ಲ. ಒಮ್ಮೆ ತುಂಬಿದ ಮಾಹಿತಿ ಹಳತಾಗುತ್ತಾ ಹೋಯಿತು. ಇದು ತಂತ್ರಾಂಶ ಬರೆದವರ ಅಸಾಮರ್ಥ್ಯದಿಂದ ಆದ ಸೋಲಲ್ಲ. ಕೆಲಸ ನಿಜವಾಗಿ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿರಲಿಲ್ಲ.

ಅನಂತರ ರೂಪುಗೊಂಡ ‘ಭೂಮಿ’ 2001ರಲ್ಲಿ ಜಾರಿಗೆ ಬಂದು, 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳನ್ನು ವ್ಯಾಪಿಸಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ತಂತ್ರಾಂಶ ರಚಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್.ಐ.ಸಿ.; ಇಲಾಖೆಯ ಪರವಾಗಿ ಮುಂದಾಳುತನ ವಹಿಸಿದವರು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ. ಅವರಿಗೆ ಗಣಕ ವಿಜ್ಞಾನದ ಶಿಕ್ಷಣವೂ ಇದ್ದುದರಿಂದ ಎಂಜಿನಿಯರರ ಭಾಷೆ ಅವರಿಗೆ ಅಪರಿಚಿತವಾಗಿರಲಿಲ್ಲ. ಎಲ್ಲ ಯೋಜನೆಗಳಿಗೂ ಈ ಅನುಕೂಲ ದೊರೆಯದು. ಆದರೆ ‘ಭೂಮಿ’ಯಲ್ಲಿ ಆದ ಅನೇಕ ನಿರ್ಧಾರಗಳು ಗಣಕ ವಿಜ್ಞಾನ ಓದಿರದ ಮಾಲೀಕನಿಗೂ ಸಾಧ್ಯವಿರುವಂಥವು.

ಉದಾಹರಣೆಗೆ ಸರದಿಯ ಪ್ರಶ್ನೆ. ಹಕ್ಕು ಬದಲಾವಣೆಗೆ ಬಂದ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಲಾಯಿತು. ಹಿಂದಿನ ಅರ್ಜಿಯನ್ನು ಬಿಟ್ಟು ಮುಂದಿನದನ್ನು ಕೈಗೆತ್ತಿಕೊಳ್ಳುವ ಅವಕಾಶ ಇರಲಿಲ್ಲ. ಸರದಿ ತಪ್ಪಬಾರದು ಎಂಬುದು ಆಡಳಿತದ ನಿರ್ಧಾರ. ಅದನ್ನು ತಪ್ಪಿಸಲಾಗದಂತೆ ಕಟ್ಟುವ ಬಗೆ ಎಂಜಿನಿಯರರದು. ಹಾಗೆಯೇ ದಾಖಲೆ ತಿದ್ದಿದವರಾರು ಎಂಬುದು ನಿಸ್ಸಂದೇಹವಾಗಿ ತಿಳಿಯಬೇಕೆಂಬ ಅಪೇಕ್ಷೆಗೆ ಉತ್ತರವಾಗಿ ಸಿಬ್ಬಂದಿಯ ಬೆರಳಚ್ಚಿನ ಗುರುತು ಬಂದಿತು. ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಬಂದಿತು. ಇವುಗಳಲ್ಲಿ ಯಾವುದೂ ಬರಿಯ ತಾಂತ್ರಿಕ ಚಮತ್ಕಾರವಲ್ಲ. ಪ್ರತಿಯೊಂದರ ಹಿಂದೆಯೂ ಒಂದು ‘ಏಕೆ’ ಇದೆ. ಅದನ್ನು ತಿಳಿಸದೆ ‘ಇನ್ನೊಂದು ಪರದೆ ಜೋಡಿಸಿ’ ಎಂದಷ್ಟೇ ಹೇಳಿದ್ದರೆ ಖರ್ಚು ಉಳಿಸುವ ಸದುದ್ದೇಶದಿಂದಲೇ ಯಾರಾದರೂ ಅದನ್ನು ಕೈಬಿಡಬಹುದಾಗಿತ್ತು.

ಎಕರೆ ಮತ್ತು ಗುಂಟೆ

ಡೆವಲಪರನು ಎಷ್ಟೇ ಬುದ್ಧಿವಂತನಾದರೂ ಕಸಬಿನ ಲೆಕ್ಕ ಅವನಿಗೆ ಯಾರಾದರೂ ಹೇಳಿಕೊಡದೆ ತಿಳಿಯುವುದಿಲ್ಲ. ಪಹಣಿಯಲ್ಲಿ 1 ಎಕರೆ 25 ಗುಂಟೆಯನ್ನು 1-25 ಎಂದು ಬರೆಯುವುದು ವಾಡಿಕೆ. ಅದಕ್ಕೆ 30 ಗುಂಟೆ ಸೇರಿದರೆ ರೈತನ ಲೆಕ್ಕದಲ್ಲಿ 2 ಎಕರೆ 15 ಗುಂಟೆ. ಏಕೆಂದರೆ 40 ಗುಂಟೆಗೆ ಒಂದು ಎಕರೆ. ಆದರೆ ಗಣಕಯಂತ್ರಕ್ಕೆ ಅದನ್ನು ದಶಮಾಂಶವೆಂದು ಕೊಟ್ಟರೆ ಉತ್ತರ 1.55. ಗುಂಟೆಯ ಕೆಳಗೆ ಆಣೆಯ ಲೆಕ್ಕ ಬೇರೆ, 16 ಆಣೆಗೆ ಒಂದು ಗುಂಟೆ. ನಗರದಲ್ಲಿ ಬೆಳೆದ ತರುಣ ಎಂಜಿನಿಯರನಿಗೆ ಇದು ತಿಳಿಯದಿರುವುದು ದೋಷವಲ್ಲ. ಅವನು ಕೇಳದಿರುವುದು ಮತ್ತು ತಿಳಿದವರು ‘ಇಷ್ಟೂ ಗೊತ್ತಿಲ್ಲವೇ’ ಎಂದು ಹೀಗಳೆಯುವುದು ದೋಷ. ಒಮ್ಮೆ ಹೀಗಳೆಸಿಕೊಂಡವನು ಎರಡನೆಯ ಬಾರಿ ಕೇಳುವುದಿಲ್ಲ; ಊಹಿಸಿ ಬರೆದು ಮುಗಿಸುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದುದು ಕಾಲಂ 3 ಮತ್ತು ಕಾಲಂ 9ರ ವಿಷಯ. ಪಹಣಿಯ ಕಾಲಂ 3ರಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ ಇರುತ್ತದೆ. ಕಾಲಂ 9ರಲ್ಲಿ ಮಾಲೀಕರ ಹೆಸರು ಮತ್ತು ಅವರವರ ಪಾಲು. ಖರಾಬನ್ನು ಕಳೆದು ಎರಡೂ ತಾಳೆಯಾಗಬೇಕು. ಅನೇಕ ಹಳೆಯ ಕೈಬರಹದ ದಾಖಲೆಗಳಲ್ಲಿ ತಾಳೆಯಾಗುತ್ತಿರಲಿಲ್ಲ. ಇಲ್ಲಿ ತಂತ್ರಾಂಶ ಬರೆಯುವವನ ಮುಂದೆ ಮೂರು ದಾರಿಗಳಿರುತ್ತವೆ: ಇದ್ದುದನ್ನು ಇದ್ದ ಹಾಗೆ ತುಂಬಿಕೊಳ್ಳುವುದು, ತಾಳೆಯಾಗದ್ದನ್ನು ನಿರಾಕರಿಸುವುದು ಅಥವಾ ಒಂದು ಸೂತ್ರ ಬರೆದು ಸರಿಪಡಿಸಿಬಿಡುವುದು. ಮೂರನೆಯದು ಎಂಜಿನಿಯರನಿಗೆ ಅತ್ಯಂತ ಸುಲಭ, ರೈತನಿಗೆ ಅತ್ಯಂತ ಅಪಾಯಕರ. ಸೂತ್ರವು ಸರಿಪಡಿಸುವುದು ಅಂಕಿಯನ್ನಲ್ಲ, ಯಾರದೋ ಜಮೀನನ್ನು. ಎರಡನೆಯದನ್ನು ಹಿಡಿದರೆ ಸಾವಿರಾರು ಜನರಿಗೆ ಪಹಣಿಯೇ ಸಿಗದು. ಈ ಆಯ್ಕೆ ಡೆವಲಪರನದಲ್ಲ, ಕಾನೂನಿನ ಹೊಣೆ ಹೊತ್ತವರದು. ಆದರೆ ತಾಳೆಯಾಗದ ದಾಖಲೆ ಎದುರಾದ ದಿನವೇ ಅದನ್ನು ಅವರ ಗಮನಕ್ಕೆ ತರುವುದು ಡೆವಲಪರನ ಕರ್ತವ್ಯ. ಗಣಕೀಕರಣದ ನಂತರವೂ ಇಂತಹ ಪಹಣಿಗಳು ಉಳಿದು, ಅವುಗಳ ತಿದ್ದುಪಡಿಗೆ ಅದಾಲತ್‌ಗಳನ್ನೇ ನಡೆಸಬೇಕಾಯಿತು ಎಂಬುದನ್ನು ನೆನೆದರೆ ಪ್ರಶ್ನೆಯ ಗಾತ್ರ ತಿಳಿಯುತ್ತದೆ.

ದಾರಿ ಬಿಡಿಸುವ ಕೆಲಸ

‘ಭೂಮಿ’ ಜಾರಿಯಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿತು. ಎಂಜಿನಿಯರರು ಎಷ್ಟು ಶ್ರಮಿಸಿದರೂ ಇಂತಹ ಆದೇಶವನ್ನು ಹೊರಡಿಸಲಾರರು. ಹಳೆಯ ಪದ್ಧತಿಯೂ ಹೊಸ ತಂತ್ರಾಂಶವೂ ಜೊತೆಯಾಗಿ ನಡೆಯುವಲ್ಲಿ ಹೊಸದು ಸೋಲುವುದೇ ಹೆಚ್ಚು. ಅನುಮತಿ, ಆದೇಶ, ಸಿಬ್ಬಂದಿ, ಹಣ ಇವುಗಳ ಅಡ್ಡಿ ತೆಗೆದುಕೊಡುವ ಮ್ಯಾನೇಜರನನ್ನು ಡೆವಲಪರರು ತಾವಾಗಿಯೇ ಗೌರವಿಸುತ್ತಾರೆ. ಪ್ರತಿದಿನ ‘ಎಲ್ಲಿಗೆ ಬಂತು’ ಎಂದು ಕೇಳುವವನನ್ನು ಸಹಿಸಿಕೊಳ್ಳುತ್ತಾರೆ ಅಷ್ಟೆ.

ಇನ್ನೊಂದು ವಿವೇಕದ ಕ್ರಮವೆಂದರೆ, ತಾಲ್ಲೂಕು ಕೇಂದ್ರಗಳಲ್ಲಿ ಗಣಕಯಂತ್ರ ನಡೆಸಲು ಗ್ರಾಮಲೆಕ್ಕಿಗರಲ್ಲಿಯೇ ಕೆಲವರನ್ನು ಆರಿಸಿ ತರಬೇತಿ ನೀಡಿದ್ದು. ದಾಖಲೆಯ ಒಳಹೊರಗು ಬಲ್ಲವರು ಅವರು. ಹೊಸ ವ್ಯವಸ್ಥೆಯಿಂದ ಅಧಿಕಾರ ಕಳೆದುಕೊಳ್ಳುವವರೂ ಅವರೇ ಆಗಿದ್ದರು.

‘ಭೂಮಿ’ಯನ್ನು ದೋಷರಹಿತವೆಂದು ಹೇಳಲಾಗದು. ಪಹಣಿಯ ಪ್ರತಿ ಪಡೆಯುವುದು ಸುಲಭವಾದರೂ ಹಕ್ಕು ಬದಲಾವಣೆಯ ವಿಳಂಬ ಉಳಿದುಕೊಂಡಿತೆಂದೂ, ಮಾಹಿತಿಯ ಕೇಂದ್ರೀಕರಣದಿಂದ ದೊಡ್ಡವರಿಗೆ ಹೆಚ್ಚು ಲಾಭವಾಯಿತೆಂದೂ ಸಂಶೋಧಕರು ಟೀಕಿಸಿದ್ದಾರೆ. ಕೌಂಟರಿನ ಮುಂದೆ ನಿಂತವನ ಕಷ್ಟ ಕಣ್ಣಿಗೆ ಬೀಳುತ್ತದೆ; ಕಡತದೊಳಗಿನ ವಿಳಂಬ ಬೀಳುವುದಿಲ್ಲ. ಕಂಡ ಸಮಸ್ಯೆಗೆ ತಂತ್ರಾಂಶ ಬೇಗ ಸಿದ್ಧವಾಗುವುದು ಎಲ್ಲೆಡೆಯೂ ಕಾಣುವ ಸಂಗತಿ.

ಅಡತ್ ಅಂಗಡಿಯ ಮಟ್ಟಿಗೆ

ಕಲಬುರಗಿಯ ದಾಲ್ ಮಿಲ್ಲು, ಅಡತ್ ಅಂಗಡಿ, ಗೋದಾಮುಗಳಲ್ಲಿ ಲೆಕ್ಕದ ತಂತ್ರಾಂಶವನ್ನು ಹೇಳಿ ಮಾಡಿಸುವ ಸಂದರ್ಭಗಳಿವೆ. ಅಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಎಂಬ ಪ್ರತ್ಯೇಕ ಹುದ್ದೆ ಇರುವುದಿಲ್ಲ. ಮಾಲೀಕರೇ ಆ ಪಾತ್ರ ವಹಿಸುತ್ತಾರೆ, ತಮಗೆ ಅರಿವಿಲ್ಲದೆಯೇ. ‘ಬಾಕಿ ಪಟ್ಟಿ ಬೇಕು’ ಎಂದು ಹೇಳಿದರೆ ಪಟ್ಟಿ ಬರುತ್ತದೆ. ‘ಶನಿವಾರ ವಸೂಲಿಗೆ ಹೋಗುವ ಹುಡುಗನ ಕೈಗೆ ಕೊಡಬೇಕು, ಊರಿನ ಪ್ರಕಾರ ಇರಲಿ’ ಎಂದು ಹೇಳಿದರೆ ಕೆಲಸಕ್ಕೆ ಬರುವ ಪಟ್ಟಿ ಬರುತ್ತದೆ. ಎರಡರ ಖರ್ಚಿನಲ್ಲಿ ಹೆಚ್ಚಿನ ಅಂತರವಿರದು.

ಮನಸ್ತಾಪಗಳು ಹೆಚ್ಚಾಗಿ ಹುಟ್ಟುವುದು ಬದಲಾವಣೆ ಮತ್ತು ಗಡುವಿನ ವಿಷಯದಲ್ಲಿ. ‘ಸಣ್ಣದೊಂದು ಬದಲಾವಣೆ’ ಎಂದು ದೂರವಾಣಿಯಲ್ಲಿ ಹೇಳಿದ್ದು ತಿಂಗಳ ಕೊನೆಗೆ ಇಬ್ಬರ ನೆನಪಿನಲ್ಲಿಯೂ ಬೇರೆ ಬೇರೆ ರೂಪದಲ್ಲಿರುತ್ತದೆ. ಹಮಾಲಿ, ತೂಕ, ಕಮಿಷನ್ ಇವುಗಳ ಲೆಕ್ಕವನ್ನು ಚೀಟಿಯಿಲ್ಲದೆ ಒಪ್ಪದ ವರ್ತಕರು ಇಲ್ಲಿ ಮಾತ್ರ ಬಾಯಿಮಾತನ್ನು ನಂಬುವುದು ಆಶ್ಚರ್ಯವೇ ಸರಿ. ದಿನಾಂಕ ಹಾಕಿದ ಒಂದು ವಹಿಯಲ್ಲಿ, ಕೇಳಿದ್ದು ಏನು, ಅದಕ್ಕೆ ಎಷ್ಟು ದಿನ, ಅದರಿಂದ ಹಿಂದೆ ಸರಿಯುವ ಕೆಲಸ ಯಾವುದು ಎಂದು ಬರೆದಿಟ್ಟರೆ ಸಾಕು. ಕೊನೆಯ ಅಂಶವನ್ನು ಬರೆಯುವುದೇ ಹೆಚ್ಚಾಗಿ ಮರೆತುಹೋಗುತ್ತದೆ. ದಿನಗಳ ಅಂದಾಜು ಕಟ್ಟುವವನಿಂದ ಬರಬೇಕು. ಯಾವುದು ಮೊದಲು ಎಂಬುದನ್ನು ಮಾಲೀಕರು ಹೇಳಬೇಕು. ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ತೋರಿಸಿಕೊಟ್ಟರು. ತೊಗರಿ ತುಂಬಲು ನಾಲ್ಕು ಜನ ಹಮಾಲರನ್ನು ಹೆಚ್ಚಿಗೆ ಕರೆಯುವ ಉಪಾಯ ಇಲ್ಲಿ ನಡೆಯದು; ಹೊಸಬರಿಗೆ ಹಿಂದಿನದನ್ನು ವಿವರಿಸುವುದರಲ್ಲಿಯೇ ಹಳಬರ ದಿನ ಕಳೆಯುತ್ತದೆ.

ಡೆವಲಪರನನ್ನು ಅಂಗಡಿಗೆ ಕರೆಸಿ ಒಂದು ದಿನ ಗುಮಾಸ್ತರ ಪಕ್ಕದಲ್ಲಿ ಕೂರಿಸುವುದು ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕ್ರಮ. ಆದರೆ ಅವನನ್ನು ಯಾವಾಗ ಕರೆಸಬೇಕೆಂಬುದು ಮುಖ್ಯ. ಜುಲೈಯಲ್ಲಿ ಬಿತ್ತನೆಯ ದಿನಗಳಲ್ಲಿ ಬಂದವನು ಚಹಾ ಕುಡಿದು ಖಾಲಿ ಅಂಗಡಿಯನ್ನು ನೋಡಿ ಹೋಗುತ್ತಾನೆ. ಜನವರಿಯಲ್ಲಿ ಹೊಸ ತೊಗರಿಯ ಆವಕ ಏರಿದ ದಿನ, ನೆಲೋಗಿ ಕಡೆಯ ಗಾಡಿಗಳು ಸಾಲಾಗಿ ನಿಂತಿರುವಾಗ, ಒಂದು ಕೈಯಲ್ಲಿ ಟೆಂಡರಿನ ಚೀಟಿ ಹಿಡಿದ ಗುಮಾಸ್ತನಿಗೆ ಕೀಲಿಮಣೆ ಒತ್ತಲು ಇನ್ನೊಂದೇ ಕೈ ಉಳಿದಿರುವುದನ್ನು ಅವನು ಕಣ್ಣಾರೆ ನೋಡಬೇಕು.