ಬ್ಯಾಗಿನಲ್ಲಿ ಎರಡು ಜೊತೆ ಲೇಸು

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನೀನು ಆಡಿದ ಒಂದು ಮಾತು ನನಗೆ ನಿದ್ದೆ ಬರಗೊಡಲಿಲ್ಲ ಕಣೋ. ನಿಮ್ಮಮ್ಮ ಚಟ್ನಿಪುಡಿಯನ್ನು ಎರಡೆರಡು ಕವರಿಗೆ ಹಾಕಿ ಕಟ್ಟುತ್ತಾ, ‘ಇಂಗ್ಲೆಂಡಿನಲ್ಲಿ ಒಟ್ಟು ಎಷ್ಟು ಮ್ಯಾಚೋ?’ ಅಂದಳು. ನೀನು ತಟ್ಟೆಯಿಂದ ತಲೆ ಎತ್ತದೆ, ‘ಐವತ್ತು ಓವರಿನವು ಇವೆ. ನಾಲ್ಕು ದಿನದವೂ ಇವೆ, ಅವು ನನಗಲ್ಲ ಬಿಡು. ನಾನು ವೈಟ್ ಬಾಲ್ ಪ್ಲೇಯರ್’ ಅಂದೆ. ಇನ್ನೂ ಹತ್ತೊಂಬತ್ತು ತುಂಬಿಲ್ಲ, ಆಗಲೇ ಕುತ್ತಿಗೆಗೊಂದು ಬೋರ್ಡು!

ಆಗ ನಾನು ಬಾಯಿ ಬಿಡಲಿಲ್ಲ. ಸಾರನ್ನ ಕಲಸುವ ಹೊತ್ತಿನಲ್ಲಿ ಬುದ್ಧಿ ಹೇಳುವ ತಾತನನ್ನು ಯಾವ ಮೊಮ್ಮಗನೂ ಸಹಿಸಲಾರ. ಅದಕ್ಕೇ ಬರೆದು ಕಿಟ್‌ಬ್ಯಾಗಿನಲ್ಲಿ ಇಟ್ಟಿದ್ದೇನೆ. ವಿಮಾನದಲ್ಲಿ ಹತ್ತು ಗಂಟೆ ಕೂರಬೇಕಲ್ಲ, ಸಿನಿಮಾ ಬೇಜಾರಾದಾಗ ಓದು.

ನಾನು ಸಮುದ್ರ ದಾಟಿ ಆಡಿದವನಲ್ಲ. ಬೆಂಗಳೂರಿನ ಲೀಗಿನಲ್ಲಿ, ಮ್ಯಾಟಿಂಗ್ ವಿಕೆಟ್ಟಿನ ಮೇಲೆ, ಭಾನುವಾರದ ಆಟ ನಮ್ಮದು. ನಾಲ್ಕನೇ ನಂಬರಿನ ಬ್ಯಾಟ್ಸ್‌ಮನ್ ನಾನು. ಒಂದು ಭಾನುವಾರ ನಮ್ಮ ಓಪನರ್‌ಗೆ ಕಾಮಾಲೆ ಅಂತ ಸುದ್ದಿ ಬಂತು. ಕ್ಯಾಪ್ಟನ್ ನನ್ನ ಕಡೆ ತಿರುಗಿ, ‘ಪ್ಯಾಡ್ ಕಟ್ಟು’ ಅಂದ. ‘ನಾನು ನಾಲ್ಕನೇ ನಂಬರು’ ಅಂದೆ, ಥೇಟ್ ನಿನ್ನ ಧಾಟಿಯಲ್ಲೇ. ಅವನು ಮರುಮಾತಾಡದೆ ಕೀಪಿಂಗ್ ಮಾಡುತ್ತಿದ್ದ ಹುಡುಗನೊಬ್ಬನನ್ನು ಕಳಿಸಿದ. ಆ ಹುಡುಗ ನಲವತ್ತು ಚಿಲ್ಲರೆ ಹೊಡೆದ. ಮುಂದಿನ ಭಾನುವಾರ ಹೋಗಿ ನೋಡಿದರೆ ನಾಲ್ಕನೇ ನಂಬರಿಗೂ ಬೇರೆ ಹೆಸರು. ಆ ಸೀಸನ್ ಪೂರ್ತಿ ಮರದ ಕೆಳಗೆ ಕೂತು ಸ್ಕೋರ್ ಬರೆದೆ. ನನ್ನ ಸ್ಕೋರ್ ಬರೆಯುವ ಚಟದ ಬಗ್ಗೆ ನಿಮ್ಮಜ್ಜಿ ಇವತ್ತಿಗೂ ನಗುತ್ತಾಳಲ್ಲ, ಅದು ಶುರುವಾದದ್ದು ಹೀಗೆ. ಇದನ್ನು ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಅಟ್ಟದಿಂದ 2011ರ ನೋಟ್‌ಬುಕ್ ಇಳಿಸಿದೆ. ಟಿವಿ ಮುಂದೆ ಕೂತು ಬರೆದದ್ದು. ನೀನಾಗ ಪುಟ್ಟ ಮಗು. ಓವಲ್ ಟೆಸ್ಟಿನ ಪುಟದ ಮೇಲೆ ನೀನು ನೀಲಿ ಪೆನ್ನಿನಲ್ಲಿ ಎಳೆದ ಗೀಟು ಇನ್ನೂ ಹಾಗೇ ಇದೆ. ಅವರಿಗೆ ಬೇಸಿಗೆ, ನಮಗೆ ಆಷಾಢ. ‘ಆಷಾಢದಲ್ಲಿ ಹೊರಟವರಿಗೆ ಇನ್ನೇನಾದೀತು’ ಅಂತ ನಿಮ್ಮಜ್ಜಿ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಏಪ್ರಿಲ್ 2ರಂದು ವಿಶ್ವಕಪ್ ಎತ್ತಿದ ತಂಡ, ಟೆಸ್ಟಿನಲ್ಲಿ ಜಗತ್ತಿಗೇ ಒಂದನೇ ಸ್ಥಾನ. ಅಂಥವರು ಇಂಗ್ಲೆಂಡಿಗೆ ಹೋಗಿ ನಾಲ್ಕಕ್ಕೆ ನಾಲ್ಕು ಟೆಸ್ಟ್ ಸೋತರು. ಇದ್ದ ಒಂದು ಟಿ20 ಸೋತರು. ಐದು ಏಕದಿನದಲ್ಲಿ ಮೂರು ಸೋಲು, ಒಂದು ಮಳೆಯ ಪಾಲು, ಒಂದು ಟೈ. ಹತ್ತು ಪಂದ್ಯ, ಒಂದೂ ಗೆಲುವಿಲ್ಲ.

ಅಂಥ ಪ್ರವಾಸದ ಪುಸ್ತಕವನ್ನು ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ, ಅದರಲ್ಲಿ ನಮ್ಮ ದ್ರಾವಿಡ್ ಇದ್ದಾನೆ. (ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ನಮ್ಮೂರ ಹುಡುಗ, ಏಕವಚನದಲ್ಲಿ ಬರೆದರೆ ತಪ್ಪು ತಿಳಿಯಬೇಡ.) ವಯಸ್ಸು ಮೂವತ್ತೆಂಟು. ಅಷ್ಟರಲ್ಲಿ 32 ಟೆಸ್ಟ್ ಶತಕ ಹೊಡೆದಾಗಿತ್ತು. ‘ನಾನು ಒನ್ ಡೌನ್, ಉಳಿದದ್ದು ಕೇಳಬೇಡಿ’ ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗಿತ್ತು.

ಲಾರ್ಡ್ಸ್ ಟೆಸ್ಟಿನ ಮೊದಲ ದಿನವೇ ಜಹೀರ್ ಖಾನ್ ತೊಡೆ ಹಿಡಿದುಕೊಂಡು ಹೊರಗೆ ಹೋದ. ಬೌಲರ್ ಸಾಲದೆ ಧೋನಿ ಪ್ಯಾಡ್ ಬಿಚ್ಚಿ ತಾನೇ ಬೌಲಿಂಗಿಗೆ ಬಂದ. ವಿಕೆಟ್ ಹಿಂದೆ ಯಾರು? ದ್ರಾವಿಡ್ ಕೀಪಿಂಗ್ ಗ್ಲೌಸ್ ಹಾಕಿಕೊಂಡು ನಿಂತ. ಆಮೇಲೆ ತನ್ನ ಮಾಮೂಲು ಜಾಗದಲ್ಲೇ ಬ್ಯಾಟ್ ಮಾಡಿ 103, ಔಟಾಗದೆ. ಅದೇ ಮೈದಾನದಲ್ಲಿ 1996ರಲ್ಲಿ ತನ್ನ ಮೊದಲ ಟೆಸ್ಟಿನಲ್ಲಿ 95ಕ್ಕೆ ಔಟಾಗಿದ್ದ. ಆ ಐದು ರನ್ನಿಗೆ ಹದಿನೈದು ವರ್ಷ ಕಾದ ಹಾಗಾಯಿತು. ಗಂಭೀರನ ಮೊಣಕೈಗೆ ಪೆಟ್ಟು ಬಿತ್ತು, ಎರಡನೇ ಇನಿಂಗ್ಸಿಗೆ ಓಪನರ್ ಬೇಕು. ದ್ರಾವಿಡ್ ಹೋದ. ಟ್ರೆಂಟ್‌ಬ್ರಿಜ್‌ನಲ್ಲೂ ಓಪನಿಂಗ್, 117. ಎಜ್‌ಬಾಸ್ಟನ್‌ಗೆ ಸೆಹ್ವಾಗ್ ಬಂದ, ದ್ರಾವಿಡ್ ಮತ್ತೆ ಒನ್ ಡೌನ್. ಪಾಪ, ಭುಜದ ಆಪರೇಷನ್ ಮುಗಿಸಿ ಬಂದಿದ್ದ ಸೆಹ್ವಾಗ್ ಎರಡೂ ಇನಿಂಗ್ಸಿನಲ್ಲಿ ಮೊದಲ ಬಾಲಿಗೇ ಔಟ್.

ಈಗ ಓವಲ್. ನಿನ್ನ ಗೀಟಿರುವ ಪುಟ. ಗಂಭೀರ್ ಕ್ಯಾಚಿಗೆ ಹೋಗಿ ಬಿದ್ದು ತಲೆಗೆ ಏಟು ಮಾಡಿಕೊಂಡಿದ್ದ. ಇಂಗ್ಲೆಂಡ್ 591ಕ್ಕೆ ಡಿಕ್ಲೇರ್ ಮಾಡಿತು. ದ್ರಾವಿಡ್ ಮತ್ತೆ ಓಪನಿಂಗಿಗೆ ಹೋದ. ಇನಿಂಗ್ಸ್ 300ಕ್ಕೆ ಮುಗಿದಾಗ ಅವನು ಇನ್ನೂ ಅಲ್ಲೇ ಇದ್ದ, 146. ಹಾಗೆ ಓಪನರ್ ಆಗಿ ಹೋಗಿ ಕೊನೆಯವರೆಗೂ ಉಳಿದ ಭಾರತೀಯರು ಅಲ್ಲಿಯವರೆಗೆ ಗವಾಸ್ಕರ್ ಮತ್ತು ಸೆಹ್ವಾಗ್ ಇಬ್ಬರೇ. ಫಾಲೋ ಆನ್ ಬಂತು. ಆರು ಗಂಟೆಗೂ ಮೇಲೆ ನಿಂತು ಬಂದವನು ಬೆವರು ಒರೆಸಿಕೊಂಡು ಹತ್ತೇ ನಿಮಿಷದಲ್ಲಿ ಮತ್ತೆ ಓಪನಿಂಗಿಗೆ ನಡೆದ. ನನ್ನ ಕೈಯಲ್ಲಿ ಪೆನ್ನು ಹಾಗೇ ನಿಂತುಬಿಟ್ಟಿತ್ತು. ನಾಲ್ಕನೇ ನಂಬರು ಅಂದವನ ಕೈ ಅದು, ನೆನಪಿಟ್ಟುಕೋ.

ಇಷ್ಟಕ್ಕೇ ಬಿಟ್ಟರೆ ‘ಟೆಸ್ಟ್ ಆಟಗಾರ ಟೆಸ್ಟ್ ಆಡಿದ, ಅದರಲ್ಲೇನು’ ಅನ್ನುತ್ತೀಯ. ಎರಡು ವರ್ಷದಿಂದ ಅವನನ್ನು ಏಕದಿನ ತಂಡಕ್ಕೆ ಕರೆದಿರಲಿಲ್ಲ. ಟಿ20ಗಂತೂ ಭಾರತದ ಪರ ಒಮ್ಮೆಯೂ ಆಡಿರಲಿಲ್ಲ. ಟೆಸ್ಟ್ ಸರಣಿಯ ನಡುವೆಯೇ ಎರಡಕ್ಕೂ ಕರೆ ಬಂತು. ಈ ಸರಣಿ ಆಡಿ ಅವೆರಡರಿಂದ ನಿವೃತ್ತನಾಗುತ್ತೇನೆ ಅಂತ ಮೊದಲೇ ಹೇಳಿಬಿಟ್ಟ, ಆದರೆ ಒಲ್ಲೆ ಅನ್ನಲಿಲ್ಲ. ಆಗಸ್ಟ್ 31, ಓಲ್ಡ್ ಟ್ರಾಫರ್ಡ್. ಅವನ ಮೊದಲ ಅಂತಾರಾಷ್ಟ್ರೀಯ ಟಿ20, ಕೊನೆಯದೂ ಅದೇ. ಸಮಿತ್ ಪಟೇಲ್ ಓವರಿನಲ್ಲಿ ಮೂರು ಬಾಲಿಗೆ ಸಾಲಾಗಿ ಮೂರು ಸಿಕ್ಸರ್. ಒಟ್ಟು 21 ಬಾಲಿಗೆ 31. ಕಾಫಿ ತರುತ್ತಿದ್ದ ನಿಮ್ಮಜ್ಜಿ ಬಾಗಿಲಲ್ಲೇ ನಿಂತು, ‘ಇದು ಯಾರ್ರೀ?’ ಅಂದಳು.

ಓವಲ್‌ನಲ್ಲಿ ಬಾಲ್ ಬಿಡುತ್ತಿದ್ದವನೇ ಇಲ್ಲಿ ಅದನ್ನು ಸ್ಟ್ಯಾಂಡಿಗೆ ಕಳಿಸಿದ್ದು. ಎರಡು ಕಡೆಯೂ ಅವನ ತಲೆ ನೋಡು, ಅಲ್ಲಾಡುವುದಿಲ್ಲ. ಬಾಲ್ ಕಣ್ಣ ಕೆಳಗೆ ಬರುವವರೆಗೂ ಕೈ ಮುಂದೆ ಹೋಗುವುದಿಲ್ಲ. ನೆಟ್ಸಿನಲ್ಲಿ ನಾನು ಕಂಡ ಹಾಗೆ ನಿನ್ನ ತೊಂದರೆ ಇರುವುದು ಅಲ್ಲೇ: ಬಾಲ್ ಬರುವ ಮೊದಲೇ ಕೈ ಹೊರಟುಬಿಡುತ್ತದೆ. ನಮ್ಮ ಒಣ ಪಿಚ್ಚಿನ ಮೇಲೆ ಅದು ನಡೆಯುತ್ತದೆ, ಬಾಲ್ ನೇರ ಬರುತ್ತದೆ. ಅಲ್ಲಿ ಮೋಡ ಮುಚ್ಚಿದ ಬೆಳಿಗ್ಗೆ ಕೆಂಪು ಡ್ಯೂಕ್ಸ್ ಬಾಲು ಕೊನೇ ಗಳಿಗೆಯಲ್ಲಿ ಹೊರಳುತ್ತದೆ. ಅದರ ಆರೂ ಸಾಲು ಹೊಲಿಗೆ ಕೈಯಲ್ಲೇ ಹಾಕಿದ್ದು, ಬೇಗ ಮಟ್ಟಸವಾಗುವುದಿಲ್ಲ. ಲಾರ್ಡ್ಸಿನಲ್ಲಿ ಆಡುವ ಯೋಗ ಬಂದರೆ ಇನ್ನೊಂದು ವಿಚಿತ್ರ: ಮೈದಾನವೇ ಓರೆ. ಈ ಬದಿಗೂ ಆ ಬದಿಗೂ ಸುಮಾರು ಎರಡೂವರೆ ಮೀಟರ್ ಇಳಿಜಾರು. ನೆಟ್ಟಗೆ ನಿಂತಿದ್ದೇನೆ ಅಂದುಕೊಂಡವನೂ ವಾಲಿರುತ್ತಾನೆ. ಚಳಿಯಲ್ಲಿ ಸ್ಲಿಪ್ಪಿನಲ್ಲಿ ನಿಂತಾಗ ಎರಡು ಬಾಲಿನ ನಡುವೆ ಕೈಯನ್ನು ಜೇಬಿನಲ್ಲಿಟ್ಟುಕೋ, ನಾಚಿಕೆ ಬೇಡ. ಬೆರಳು ಮರಗಟ್ಟಿದರೆ ಕ್ಯಾಚು ಕಲ್ಲಿನ ಹಾಗೆ ಹೊಡೆಯುತ್ತದೆಯಂತೆ. ಆಡಿ ಬಂದವರು ಹೇಳಿದ್ದು, ನನಗೆ ಗೊತ್ತಿರುವುದು ಮಾಘದ ಬೆಳಗಿನ ಬೆಂಗಳೂರಷ್ಟೇ.

ದೊಡ್ಡವರೂ ಎಡವಿದ್ದುಂಟು. 1975ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ 60 ಓವರಿನಲ್ಲಿ 334 ಹೊಡೆಯಿತು. ಉತ್ತರಕ್ಕೆ ಗವಾಸ್ಕರ್ ಅರವತ್ತೂ ಓವರ್ ನಿಂತು 36, ಔಟಾಗದೆ. ಎದುರಿಸಿದ್ದು 174 ಬಾಲು. ನಮ್ಮ ವಿಶ್ವನಾಥರ 37 ಅವತ್ತು ತಂಡದಲ್ಲೇ ಹೆಚ್ಚಿನ ಸ್ಕೋರು, ಅಂದರೆ ಲೆಕ್ಕ ಹಾಕಿಕೋ. ಅದೇ ಗವಾಸ್ಕರ್ 1987ರ ವಿಶ್ವಕಪ್ಪಿನಲ್ಲಿ ನಾಗಪುರದಲ್ಲಿ ನ್ಯೂಜಿಲೆಂಡ್ ಮೇಲೆ 85 ಬಾಲಿಗೆ ಶತಕ ಹೊಡೆದ, ಮೂವತ್ತೆಂಟರ ವಯಸ್ಸಿನಲ್ಲಿ. ನಿನಗಿನ್ನೂ ಅದರ ಅರ್ಧ.

ಬ್ರಿಜೇಶ್ ಪಟೇಲರ ಹೆಸರು ನಿನಗೆ ಗೊತ್ತಿರಬೇಕು. 1974ರಲ್ಲಿ ವಾಡೇಕರ್ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿದ್ದರು. ಅದು ಇನ್ನೊಂದು ಗ್ರಹಚಾರದ ಪ್ರವಾಸ. ಮೂರೂ ಟೆಸ್ಟ್ ಸೋಲು, ಲಾರ್ಡ್ಸಿನಲ್ಲಿ 42ಕ್ಕೆ ಎಲ್ಲರೂ ಔಟ್. ಬ್ರಿಜೇಶರಿಗೂ ಟೆಸ್ಟಿನಲ್ಲಿ ರನ್ ಬರಲಿಲ್ಲ. ಆಮೇಲೆ ಜುಲೈ 13ಕ್ಕೆ ಹೆಡಿಂಗ್ಲೆಯಲ್ಲಿ ಒಂದು ದಿನದ ಪಂದ್ಯ, 55 ಓವರಿನದು. ಭಾರತ ಆಡಿದ ಮೊಟ್ಟಮೊದಲ ಏಕದಿನ ಅದು. ಈ ಆಟಕ್ಕೆ ಯಾರು ತಕ್ಕವರು, ಯಾರು ಅಲ್ಲ ಅಂತ ಹೇಳುವವರೇ ಅವತ್ತು ಇರಲಿಲ್ಲ, ಬೋರ್ಡು ಬರೆಯುವವರು ಇನ್ನೂ ಹುಟ್ಟಿರಲಿಲ್ಲ. ಬ್ರಿಜೇಶ್ 82 ಹೊಡೆದರು. ಪಂದ್ಯ ಸೋತೆವು, ಆದರೆ ಭಾರತದ ಏಕದಿನ ಪುಸ್ತಕದ ಮೊದಲ ಪುಟದ ಅತಿ ಹೆಚ್ಚಿನ ಸ್ಕೋರು ಕರ್ನಾಟಕದವರದು. ಟೆಸ್ಟಿನಲ್ಲಿ ರನ್ ಬಾರದ್ದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂತಿದ್ದರೆ ಅದು ಆಗುತ್ತಿತ್ತೇ?

ನಾಲ್ಕು ದಿನದ ಪಂದ್ಯದಲ್ಲಿ ನಿನ್ನನ್ನು ಹೊರಗೆ ಕೂರಿಸಿದರೂ ಕೂರಿಸಬಹುದು. ಆ ದಿನಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ನೀರು ಹೊತ್ತುಕೊಂಡು ಹೋಗುವಾಗ ಓಡಿಕೊಂಡು ಹೋಗು. ಊಟದ ಬಿಡುವಿನಲ್ಲಿ ಯಾರಾದರೊಬ್ಬ ಬೌಲರನ್ನು ಕಾಡಿ ಬೇಡಿ ಇಪ್ಪತ್ತು ಬಾಲು ಹಾಕಿಸಿಕೋ, ಕೆಂಪು ಬಾಲಿನಲ್ಲೇ. ಮೊಬೈಲು ನೋಡುತ್ತಾ ಕೂತವನ ಕಾಲು ಸಂಜೆಗೆ ಕಂಬಳಿ ಹುಳುವಿನ ಹಾಗಾಗುತ್ತದೆ. ಅದೇ 2011ರಲ್ಲಿ, ಜಹೀರ್ ಬದಲಿಗೆ ಆರ್.ಪಿ. ಸಿಂಗನನ್ನು ಕರೆಸಿದರು, ಅವನು ಮಯಾಮಿಯಲ್ಲಿ ರಜೆಯಲ್ಲಿದ್ದ. ಟೆಸ್ಟ್ ಆಡಿ ಮೂರು ವರ್ಷವಾಗಿತ್ತು. ಓವಲ್‌ನಲ್ಲಿ ಮೊದಲ ಓವರಿಗೆ ಬಾಲ್ ಕೈಗೆ ಕೊಟ್ಟರು. ಲೆಗ್ ಸ್ಟಂಪಿನ ಆಚೆ ಆಚೆ ಹೋಗುತ್ತಿದ್ದ ಆ ಬಾಲುಗಳನ್ನು ಬರೆದುಕೊಳ್ಳುವಾಗ ನನಗೆ ನಗು ಬರಲಿಲ್ಲ, ಸಂಕಟವಾಯಿತು. ಅವನ ತಪ್ಪು ಅಂತ ನಾನು ಹೇಳಲಾರೆ, ಯಾರಿಗೆ ಗೊತ್ತಿತ್ತು ಕರೆಯುತ್ತಾರೆ ಅಂತ.

ಇನ್ನೊಂದು ತುದಿಗೆ ನಟರಾಜನ್ ಇದ್ದಾನೆ. ಸೇಲಂ ಹತ್ತಿರದ ಹಳ್ಳಿಯವನು. 2020ರ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋದದ್ದು ನೆಟ್ಸಿನಲ್ಲಿ ಬಾಲ್ ಹಾಕಲಿಕ್ಕೆ. ಡಿಸೆಂಬರ್ 2ಕ್ಕೆ ಕ್ಯಾನ್‌ಬೆರಾದಲ್ಲಿ ಏಕದಿನಕ್ಕೆ ಇಳಿದ, ಎರಡು ದಿನ ಬಿಟ್ಟು ಅಲ್ಲೇ ಟಿ20, ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್. ಒಂದೇ ಪ್ರವಾಸದಲ್ಲಿ ಮೂರೂ ಬಗೆಯ ಆಟಕ್ಕೆ ಕಾಲಿಟ್ಟ ಮೊದಲ ಭಾರತೀಯ. ಅದೇ ಪ್ರವಾಸದಲ್ಲಿ ನಮ್ಮ ಕೆ.ಎಲ್. ರಾಹುಲ್ ಏಕದಿನ, ಟಿ20 ಆಡಿ, ಎರಡು ಟೆಸ್ಟ್ ಹೊರಗೆ ಕೂತು, ಮೆಲ್ಬರ್ನಿನ ನೆಟ್ಸಿನಲ್ಲಿ ಮಣಿಕಟ್ಟು ಉಳುಕಿಸಿಕೊಂಡು ಒಂದೂ ಟೆಸ್ಟ್ ಆಡದೆ ಮನೆಗೆ ಬಂದ. ಇದಕ್ಕೆ ಏನು ಕಿವಿಮಾತು ಹೇಳಲಿ? ಹಾಗೂ ಆಗುತ್ತದೆ. ಆದರೆ ಅವನು ನೆಟ್ಸಿನಲ್ಲಿದ್ದ, ಅಷ್ಟು ಗಮನಿಸು.

ನೋಟ್‌ಬುಕ್ಕಿನ ಕೊನೆಯ ಪುಟ ಕಾರ್ಡಿಫ್, ಸೆಪ್ಟೆಂಬರ್ 16. ದ್ರಾವಿಡ್‌ಗೆ ಕಡೆಯ ಏಕದಿನ, 69 ಹೊಡೆದ. ಎದುರು ತುದಿಯಲ್ಲಿ ಇಪ್ಪತ್ತೆರಡರ ಹುಡುಗನೊಬ್ಬ 107 ಹೊಡೆದ. ಹೆಸರು ಕೊಹ್ಲಿ. ಆ ಬೇಸಿಗೆಯ ಟೆಸ್ಟುಗಳಲ್ಲಿ ಅವನು ಆಡಿರಲಿಲ್ಲ. ಇಬ್ಬರೂ ಸೇರಿ 170. ಬಾಲ್ ಬಾಲಿನ ನಡುವೆ ಏನು ಮಾತಾಡಿಕೊಂಡರೋ, ಟಿವಿಯಲ್ಲಿ ಕೇಳಿಸಲಿಲ್ಲ. ಆದರೆ ಆ ಇಪ್ಪತ್ತಿಷ್ಟು ಓವರು ಪಕ್ಕದಲ್ಲಿದ್ದುಕೊಂಡು ನೋಡುವ ಪುಣ್ಯ ಆ ಹುಡುಗನಿಗಿತ್ತು. ನಿನ್ನ ತಂಡದಲ್ಲೂ ನಾಲ್ಕು ದಿನದ ಆಟ ಚೆನ್ನಾಗಿ ಬಲ್ಲವನೊಬ್ಬ ಇದ್ದೇ ಇರುತ್ತಾನೆ. ಊಟಕ್ಕೆ ಅವನ ಪಕ್ಕ ಕೂರು. ಚಟ್ನಿಪುಡಿ ಕೊಡು, ತಾನೇ ಬಾಯಿ ಬಿಡುತ್ತಾನೆ.

ನಾಳೆಯೋ ನಾಡಿದ್ದೋ ಕೋಚ್ ಕೇಳಬಹುದು, ಓಪನ್ ಮಾಡ್ತೀಯಾ, ಶಾರ್ಟ್ ಲೆಗ್ಗಿನಲ್ಲಿ ನಿಲ್ತೀಯಾ ಅಂತ. ‘ಆಗಲಿ ಸಾರ್’ ಅನ್ನು. ಭಯ ಆದರೆ ರಾತ್ರಿ ನನಗೆ ಫೋನ್ ಮಾಡು. ಅಲ್ಲಿ ಒಂಬತ್ತಾದರೆ ಇಲ್ಲಿ ಒಂದೂವರೆ, ಹೇಗೂ ನಿದ್ದೆ ಬರುವುದಿಲ್ಲ.

ಮರೆತಿದ್ದೆ. ಎಜ್‌ಬಾಸ್ಟನ್ನಿನ ಎರಡನೇ ಇನಿಂಗ್ಸಿನಲ್ಲಿ ದ್ರಾವಿಡ್ 18ಕ್ಕೆ ಔಟಾದದ್ದು ಹೇಗೆ ಗೊತ್ತೇ? ಆಂಡರ್ಸನ್ ಬಾಲು, ಟಕ್ ಅಂತ ಸದ್ದು, ಕೀಪರ್ ಕೈಗೆ ಕ್ಯಾಚು. ತಾನೇ ಒಪ್ಪಿಕೊಂಡು ಹೊರಟುಬಿಟ್ಟ. ಆಮೇಲೆ ನಿಧಾನವಾಗಿ ತೋರಿಸಿದಾಗ ನೋಡಿದರೆ ಬ್ಯಾಟು ಬಾಲಿಗೆ ತಗಲೇ ಇಲ್ಲ. ತಗುಲಿದ್ದು ಶೂ ಲೇಸಿನ ತುದಿಯ ಪ್ಲಾಸ್ಟಿಕ್ಕು. ಕಿಟ್‌ಬ್ಯಾಗಿನ ಎಡಗಡೆ ಜೇಬಿನಲ್ಲಿ ಎರಡು ಜೊತೆ ಬಿಳಿ ಲೇಸು ಇಟ್ಟಿದ್ದೇನೆ. ನಾಲ್ಕರ ತುದಿಯ ಪ್ಲಾಸ್ಟಿಕ್ಕೂ ಕತ್ತರಿಸಿ ದಾರ ಸುತ್ತಿ ಗಂಟು ಹಾಕಿದ್ದೇನೆ. ನಿಮ್ಮಜ್ಜಿ ನೋಡಿ ಮತ್ತೆ ನಕ್ಕಳು.