ಮೇ ಬಿಸಿಲಿಗೆ ಕಪ್ಪಾಗದ ಕನ್ನಡಕ

ಕೋಲಾರದ ಕನ್ನಡಕದ ಅಂಗಡಿಗಳಲ್ಲಿ ಅದಕ್ಕೆ ಹೆಸರು ಒಂದೆರಡಲ್ಲ. ಕೆಲವರಿಗೆ ಅದು ‘ಫೋಟೊ ಗ್ಲಾಸ್’, ಕೆಲವರಿಗೆ ‘ಡೇ ಅಂಡ್ ನೈಟ್’, ಗಡಿ ಕಡೆಯಿಂದ ಬಂದವರಿಗೆ ಅರ್ಧ ತೆಲುಗಿನಲ್ಲಿ ‘ಡೇ ನೈಟ್ ಅದ್ದಾಲು’. ಬಿಲ್ಲಿನಲ್ಲಿ ಬರೆಯುವ ಹೆಸರು ಫೋಟೊಕ್ರೋಮಿಕ್. ಮನೆಯೊಳಗೆ ತಿಳಿಯಾಗಿದ್ದು, ಬಿಸಿಲಿಗೆ ಬಂದರೆ ತಾನಾಗಿ ಕಪ್ಪಾಗುವ ಲೆನ್ಸ್. ಮಾಮೂಲಿ ಲೆನ್ಸಿಗಿಂತ ಹೆಚ್ಚು ದುಡ್ಡು ಸುರಿದು ಕೊಂಡದ್ದಾದ್ದರಿಂದ ದೂರುಗಳೂ ಹೆಚ್ಚು. ಈ ಸಲ ಅಂಕಣದ ನೇತ್ರವೈದ್ಯರ ಮುಂದಿರುವುದು ಅವೇ.

ಪ್ರಶ್ನೆ: ಶ್ರೀನಿವಾಸಪುರದ ಮಾವಿನ ತೋಟಗಾರರೊಬ್ಬರದು. ದೀಪಾವಳಿಗೆ ಕೊಂಡ ಲೆನ್ಸ್ ಚಳಿಗಾಲವೆಲ್ಲ ಕೂಲಿಂಗ್ ಗ್ಲಾಸಿನಂತೆ ಕಪ್ಪಾಗುತ್ತಿತ್ತಂತೆ. ಮೇ ತಿಂಗಳಲ್ಲಿ ಬಾದಾಮಿ ಮಾವಿನ ಕೊಯ್ಲಿಗೆ ನಿಂತರೆ, ನೆತ್ತಿ ಸುಡುವ ಬಿಸಿಲಿನಲ್ಲೇ, ಬೂದಿ ಬಣ್ಣಕ್ಕೆ ಬಂದು ನಿಂತುಬಿಡುತ್ತದೆ. ಅಂಗಡಿಯವರು ಮೋಸ ಮಾಡಿದರೇ?

ಉತ್ತರ: ಮೋಸವೇನಿಲ್ಲ, ಲೆನ್ಸಿನ ಹುಟ್ಟುಗುಣವೇ ಅದು. ಅದನ್ನು ಕಪ್ಪು ಮಾಡುವುದು ಕಣ್ಣಿಗೆ ಕಾಣುವ ಬೆಳಕಲ್ಲ, ಬಿಸಿಯಂತೂ ಅಲ್ಲವೇ ಅಲ್ಲ. ಬಿಸಿಲಿನೊಳಗೆ ಅಡಗಿರುವ ಅತಿನೇರಳೆ ಕಿರಣ. ಪ್ಲಾಸ್ಟಿಕ್ ಲೆನ್ಸಿನಲ್ಲಿ ನಾಫ್ತೊಪೈರಾನ್ ಜಾತಿಯ ಬಣ್ಣದ ಅಣುಗಳಿರುತ್ತವೆ. ಅತಿನೇರಳೆ ಕಿರಣ ತಾಗಿದಾಗ ಅಣುವಿನೊಳಗಿನ ಒಂದು ಕೊಂಡಿ ಕಳಚಿ ಅದು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಅಣು ಬೆಳಕನ್ನು ಹೀರುತ್ತದೆ. ಕಿರಣ ನಿಂತರೆ ಮುಟ್ಟಿದರೆ ಮುನಿಯ ಎಲೆಯಂತೆ ಮತ್ತೆ ಮಡಚಿಕೊಳ್ಳುತ್ತದೆ. ತೊಡಕಿರುವುದು ಇಲ್ಲಿ: ಆ ಮಡಚುವ ಕೆಲಸವನ್ನು ಚುರುಕು ಮಾಡುವುದು ಶಾಖ. ಮೇ ತಿಂಗಳ ಬಿಸಿಲು ಒಂದು ಕೈಯಲ್ಲಿ ಬಿಚ್ಚುತ್ತ ಇನ್ನೊಂದು ಕೈಯಲ್ಲಿ ಮಡಚುತ್ತಿರುತ್ತದೆ.

ಇಂಥ ಲೆನ್ಸುಗಳ ಕಪ್ಪನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂಗಡಿಯ ಗೋಡೆಯ ಮೇಲಿನ ಚಿತ್ರದ ಕಪ್ಪು ಆ ಉಷ್ಣತೆಯದು. ಅಲ್ಲಿ ಶೇ 15ರಷ್ಟು ಬೆಳಕು ಬಿಡುವ ಲೆನ್ಸ್ 35 ಡಿಗ್ರಿಯಲ್ಲಿ ಶೇ 25–30ರಷ್ಟು ಬಿಡುವುದುಂಟು. ಜನವರಿಯ ಬೆಳಿಗ್ಗೆ ಅಂತರಗಂಗೆ ಬೆಟ್ಟ ಹತ್ತುವವರ ಕನ್ನಡಕ ಕಾಡಿಗೆಯಂತೆ ಕಾಣುವುದಕ್ಕೂ, ಏಪ್ರಿಲ್ ಮಧ್ಯಾಹ್ನ ಅದೇ ಕನ್ನಡಕ ಮಬ್ಬಾಗಿ ಕಾಣುವುದಕ್ಕೂ ಕಾರಣ ಇದೇ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಬಹುದು. ಕನ್ನಡಕದ ಒಂದು ಲೆನ್ಸನ್ನು ಮಾತ್ರ ಮಡಕೆಯ ತಣ್ಣೀರಿನಲ್ಲಿ ಎರಡು ನಿಮಿಷ ಅದ್ದಿಟ್ಟು, ಒರೆಸಿ, ಎರಡನ್ನೂ ಬಿಸಿಲಿಗೆ ಹಿಡಿಯಬೇಕು. ನೀರಿನಿಂದ ಬಂದದ್ದು ಕಡುಗಪ್ಪಾಗುತ್ತದೆ, ಪಕ್ಕದ್ದು ಹಿಂದೆ ಬೀಳುತ್ತದೆ. ಲೆನ್ಸ್ ಬಿಸಿಯಾಗುತ್ತ ಬಂದಂತೆ ವ್ಯತ್ಯಾಸ ಕರಗಿಹೋಗುತ್ತದೆ.

ಇನ್ನೊಂದು ಕಾರಣವೂ ಇದೆ. ಏಪ್ರಿಲ್ ಕೊನೆಯ ವಾರದಲ್ಲಿ ಕೋಲಾರದ ಮಧ್ಯಾಹ್ನ ಸೂರ್ಯ ನಡುನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಲೆನ್ಸ್ ಮುಖದ ಮೇಲೆ ನೆಟ್ಟಗೆ ನಿಂತಿರುವುದರಿಂದ ಕಿರಣ ಅದನ್ನು ಸವರಿಕೊಂಡು ಹೋಗುತ್ತದೆ, ಫ್ರೇಮಿನ ಮೇಲಂಚಿನಿಂದ ನೇರ ಕಣ್ಣಿಗೂ ಇಳಿಯುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಈ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ಅತಿನೇರಳೆ ಸೂಚ್ಯಂಕ 11 ದಾಟುವುದು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ಅತಿ ಹೆಚ್ಚಿನ ಮಟ್ಟ. ತೋಟ, ಹೊಲಗಳಲ್ಲಿ ವರ್ಷಗಟ್ಟಲೆ ದುಡಿದವರ ಕಣ್ಣಿನ ಮೂಗಿನ ಕಡೆಯ ಮೂಲೆಯಿಂದ ರೆಕ್ಕೆಯಂತೆ ಮಾಂಸ ಬೆಳೆಯುವುದಕ್ಕೆ ಬಿಸಿಲು, ದೂಳು ಎರಡೂ ಕಾರಣ. ಅದಕ್ಕೆ ಮದ್ದು ಲೆನ್ಸ್ ಒಂದೇ ಅಲ್ಲ. ಅಗಲ ಅಂಚಿನ ಟೋಪಿ, ಅದಿಲ್ಲದಿದ್ದರೆ ಹಣೆಯ ಮುಂದಕ್ಕೆ ಬರುವಂತೆ ಕಟ್ಟಿದ ಟವೆಲ್ಲು ಜೊತೆಗಿರಲಿ. ಸಮಾಧಾನದ ಸಂಗತಿಯೆಂದರೆ, ಒಳ್ಳೆಯ ಫೋಟೊಕ್ರೋಮಿಕ್ ಲೆನ್ಸ್ ಪೂರ್ತಿ ಕಪ್ಪಾಗದಿದ್ದರೂ ಅತಿನೇರಳೆ ಕಿರಣವನ್ನು ತಡೆಯುತ್ತಲೇ ಇರುತ್ತದೆ. ಕಪ್ಪು ಕಣ್ಣಿನ ಆರಾಮಕ್ಕೆ. ರಕ್ಷಣೆಯ ಲೆಕ್ಕ ಬೇರೆ.

ಪ್ರಶ್ನೆ: ಕೋಲಾರದಲ್ಲಿದ್ದು ಮುಳಬಾಗಿಲಿನಲ್ಲಿ ಕೆಲಸ ಮಾಡುವ ಬ್ಯಾಂಕ್ ನೌಕರರೊಬ್ಬರದು. ದಿನಾ ಕಾರಿನಲ್ಲಿ ಓಡಾಟ. ಕಾರಿನಿಂದಿಳಿದ ಮೇಲೆ ಕಪ್ಪಾಗುವ ಕನ್ನಡಕ, ಓಡಿಸುವಾಗ ಯಾಕೆ ಕಪ್ಪಾಗುವುದಿಲ್ಲ?

ಉತ್ತರ: ಮುಳಬಾಗಿಲು ಕೋಲಾರಕ್ಕೆ ಪೂರ್ವ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಹೋಗುವಾಗಲೂ ಬರುವಾಗಲೂ ಸೂರ್ಯ ಎದುರಿಗೇ. ಪಾಪ, ಈ ಲೆನ್ಸ್ ಕೊಂಡದ್ದೇ ಅದಕ್ಕಿರಬೇಕು. ಆದರೆ ಕಾರಿನ ಮುಂದಿನ ಗಾಜು ಒಂದಲ್ಲ, ಎರಡು ಹಾಳೆ. ನಡುವೆ ಅಪಘಾತದಲ್ಲಿ ಚೂರು ಸಿಡಿಯದಂತೆ ಹಿಡಿದಿಡುವ ಪ್ಲಾಸ್ಟಿಕ್ ಪೊರೆ. ಆ ಪೊರೆ ಅತಿನೇರಳೆ ಕಿರಣವನ್ನು ಹೆಚ್ಚೂಕಡಿಮೆ ಪೂರ್ತಿ ನುಂಗುತ್ತದೆ. ಲೆನ್ಸಿಗೆ ಹೊರಗೆ ಬಿಸಿಲಿದೆಯೆಂಬ ಸುದ್ದಿಯೇ ಮುಟ್ಟುವುದಿಲ್ಲ. ಪಕ್ಕದ ಕಿಟಕಿಯ ಗಾಜು ಅಷ್ಟು ಕಟ್ಟುನಿಟ್ಟಲ್ಲ, ಕಿಟಕಿ ಬದಿಯ ಲೆನ್ಸ್ ಸ್ವಲ್ಪ ಮಾಸಲಾಗುವುದು ಅದಕ್ಕೇ.

ನರಸಾಪುರದ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೋಗುವ ಹುಡುಗರಿಗೂ ಇದೇ ಕತೆ. ಹೆಲ್ಮೆಟ್ಟಿನ ಪಾಲಿಕಾರ್ಬೊನೇಟ್ ಮುಖಗವಚ ಇಳಿಸಿದರೆ ಒಳಗಿನ ಕನ್ನಡಕ ತಿಳಿಯಾಗುತ್ತದೆ, ಎತ್ತಿದರೆ ಕಪ್ಪಾಗುತ್ತದೆ. ದೂಳಿಗೆ ಹೆದರಿ ಇಳಿಸಿಕೊಳ್ಳುವುದೇ ಮೇಲು.

ಕಾಣುವ ಬೆಳಕಿಗೂ ಸ್ವಲ್ಪ ಸ್ಪಂದಿಸಿ ಕಾರಿನೊಳಗೂ ಕಪ್ಪಾಗುವ ಬಗೆಗಳು ಮಾರುಕಟ್ಟೆಯಲ್ಲಿವೆ. ಬೆಲೆ ಜಾಸ್ತಿ, ಮನೆಯೊಳಗೂ ತುಸು ಛಾಯೆ ಉಳಿದಿರುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರು, ಅದರಲ್ಲೂ ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಹೊರಡುವ ಲಾರಿ ಚಾಲಕರು, ಆ ಛಾಯೆಗೆ ದುಡ್ಡು ಕೊಡಬೇಕಿಲ್ಲ. ಪವರ್ ಇರುವ ಮಾಮೂಲಿ ಕನ್ನಡಕದ ಮೇಲೆ ಸಿಕ್ಕಿಸುವ ಪೋಲರೈಸ್ಡ್ ಕ್ಲಿಪ್ ಸಾಕು. ಎದುರು ಬಿಸಿಲಿಗೆ, ಟಾರಿನ ಹೊಳಪಿಗೆ ಅದು ಕೆಲಸಕ್ಕೆ ಬರುತ್ತದೆ, ಕತ್ತಲಾದರೆ ತೆಗೆದಿಡಬಹುದು. ಕನ್ನಡಕವನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗುವ ಚಾಳಿಯೊಂದನ್ನು ಬಿಡಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನ ಆ ಜಾಗ ಕಾವಲಿಯಂತೆ ಕಾಯುತ್ತದೆ. ಲೆನ್ಸಿನ ಪ್ಲಾಸ್ಟಿಕ್ ಹಿಗ್ಗಿದಷ್ಟು ಮೇಲಿನ ಕೋಟಿಂಗ್ ಹಿಗ್ಗದೆ, ಒಣಗಿದ ಕೆರೆಯ ಮಣ್ಣಿನಂತೆ ಸಣ್ಣ ಬಿರುಕು ಬಿಡುತ್ತದೆ.

ಪ್ರಶ್ನೆ: ಮಾಲೂರಿನ ನಿವೃತ್ತ ಮೇಷ್ಟರೊಬ್ಬರದು. ಎಂಬತ್ತರ ದಶಕದಲ್ಲಿ ಕೊಂಡ ‘ಫೋಟೊಗ್ರೇ’ ಗಾಜು ಫ್ರೇಮು ಮೂರು ಬದಲಾದರೂ ಕಪ್ಪಾಗುತ್ತಲೇ ಇತ್ತಂತೆ. ಈಗಿನದು ಮೂರೇ ವರ್ಷಕ್ಕೆ ಸುಸ್ತು. ಕಾಲ ಕೆಟ್ಟಿತೇ?

ಉತ್ತರ: ಕಾಲವಲ್ಲ, ಪದಾರ್ಥ ಬದಲಾಯಿತು. ಚಿನ್ನದ ಸೀಮೆಯವರಿಗೆ ಇದು ಬೆಳ್ಳಿಯ ಕತೆ. 1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ವಿಲಿಯಂ ಆರ್ಮಿಸ್ಟೆಡ್ ಮತ್ತು ಡೊನಾಲ್ಡ್ ಸ್ಟೂಕಿ ಗಾಜಿನೊಳಗೆ ಬೆಳ್ಳಿಯ ಕ್ಲೋರೈಡಿನಂಥ ಲವಣಗಳ ಅತಿ ಸಣ್ಣ ಹರಳುಗಳನ್ನು, ಜೊತೆಗೆ ಚೂರು ತಾಮ್ರವನ್ನು ಸೇರಿಸಿ ಬಿಸಿಲಿಗೆ ಕಪ್ಪಾಗುವ ಗಾಜು ಮಾಡಿದರು. ಹಳೆಯ ಫೋಟೊ ಫಿಲ್ಮು ಕಪ್ಪಾಗುತ್ತಿದ್ದದ್ದೂ ಬೆಳ್ಳಿಯ ಲವಣದಿಂದಲೇ. ಫಿಲ್ಮಿನಲ್ಲಿ ಕಪ್ಪಾದದ್ದು ಮರಳಿ ಬರುವುದಿಲ್ಲ. ಗಾಜಿನಲ್ಲಾದರೋ ಬೇರೆಯಾದ ಬೆಳ್ಳಿ, ಕ್ಲೋರಿನ್ನು ಎರಡಕ್ಕೂ ಓಡಿಹೋಗಲು ದಾರಿಯಿಲ್ಲ. ನೆರಳಾದೊಡನೆ ಮತ್ತೆ ಕೂಡಿಕೊಳ್ಳುತ್ತವೆ. ಆ ಆಟ ಸವೆಯುವುದೇ ಇಲ್ಲ ಎನ್ನಬಹುದು. ಮೇಷ್ಟರ ಗಾಜು ಬೀರುವಿನಲ್ಲಿ ಇನ್ನೂ ಇದ್ದರೆ ಇವತ್ತಿಗೂ ಕಪ್ಪಾದೀತು.

ಅದರ ಕಷ್ಟ ಮಾತ್ರ ಯಾರೂ ನೆನೆಸಿಕೊಳ್ಳುವುದಿಲ್ಲ. ಭಾರಕ್ಕೆ ಮೂಗಿನ ಮೇಲೆ ಎರಡು ಗುಳಿ, ಕೈಜಾರಿದರೆ ಚೂರು. ಬಣ್ಣ ಗಾಜಿನ ಮೈತುಂಬ ಇದ್ದದ್ದರಿಂದ ದಪ್ಪ ಇದ್ದ ಕಡೆ ಕಪ್ಪೂ ದಪ್ಪ: ಮೈನಸ್ ಪವರಿನವರಿಗೆ ಅಂಚು ಕಪ್ಪು, ನಡುವೆ ತಿಳಿ, ಎರಡು ಕಣ್ಣಿನ ಪವರ್ ಬೇರೆಬೇರೆಯಾದರೆ ಎರಡು ಬಣ್ಣ. 1991ರಲ್ಲಿ ಟ್ರಾನ್ಸಿಶನ್ಸ್ ಕಂಪನಿಯ ಪ್ಲಾಸ್ಟಿಕ್ ಲೆನ್ಸ್ ಬಂದ ಮೇಲೆ ಜನ ಗಾಜನ್ನು ಕೈಬಿಟ್ಟದ್ದು ಸುಮ್ಮನಲ್ಲ.

ಪ್ಲಾಸ್ಟಿಕ್ಕಿನ ಬಣ್ಣದ ಅಣುಗಳಿಗೆ ಆಯಸ್ಸಿದೆ. ಬಿಚ್ಚಿ ಮಡಚಿ ಬಿಚ್ಚಿ ಮಡಚಿ, ಗಾಳಿಯ ಆಮ್ಲಜನಕ ತಾಗಿ ಅವುಗಳಲ್ಲಿ ಒಂದಷ್ಟು ಕೆಡುತ್ತ ಹೋಗುತ್ತವೆ. ದಿನವಿಡೀ ಬಿಸಿಲಿನಲ್ಲಿರುವವರ ಲೆನ್ಸ್ ಎರಡು ಮೂರು ವರ್ಷಕ್ಕೆ ದಣಿಯುವುದು ಸಹಜ. ಕಚೇರಿಯಲ್ಲಿ ಕೂರುವವರದು ಇನ್ನಷ್ಟು ದಿನ ಬಾಳುತ್ತದೆ. ದಣಿದದ್ದನ್ನು ಗುರುತಿಸುವುದು ಸುಲಭ. ತಂಪಾದ ಬೆಳಿಗ್ಗೆ ಲೆನ್ಸಿನ ಅರ್ಧಕ್ಕೆ ಮದುವೆಯ ಕರೆಯೋಲೆಯಂಥ ದಪ್ಪ ಕಾಗದ ಮುಚ್ಚಿ ಎರಡು ನಿಮಿಷ ಬಿಸಿಲಿಗಿಟ್ಟು, ಕಾಗದ ತೆಗೆದು ಬಿಳಿ ಪಂಚೆಯ ಮೇಲಿಟ್ಟು ನೋಡಬೇಕು. ಗೆರೆ ಎದ್ದು ಕಂಡರೆ ಜೀವ ಇದೆ. ಎರಡು ಅರ್ಧಕ್ಕೂ ಅಂಥ ಭೇದ ಕಾಣದಿದ್ದರೆ, ಅಥವಾ ಮುಚ್ಚಿದ ಭಾಗವೇ ಹಳೆಯ ಪತ್ರಿಕೆಯಂತೆ ಹಳದಿ ತಿರುಗಿದ್ದರೆ, ಬದಲಿಸುವ ಹೊತ್ತು.

ಮೂರು ವರ್ಷದಲ್ಲಿ ಬದಲಾಗುವುದು ಲೆನ್ಸ್ ಮಾತ್ರವಲ್ಲ, ಕಣ್ಣೂ. ಚಾಳೀಸು ಬಂದವರ ಓದುವ ಪವರ್ ಏರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಪವರ್ ವಾರದಿಂದ ವಾರಕ್ಕೆ ಓಲಾಡುತ್ತದೆ. ‘ಗ್ಲಾಸ್ ಮಂಜಾಯಿತು’ ಎಂದು ಬಂದವರಲ್ಲಿ ಮಂಜಾದದ್ದು ಕಣ್ಣಿನದೇ ಮಸೂರ, ಅಂದರೆ ಪೊರೆ, ಆಗಿರುವುದೂ ಉಂಟು. ಹೊಸ ಲೆನ್ಸಿಗೆ ಮುಂಗಡ ಕೊಡುವ ಮುಂಚೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ಜಾಲಪ್ಪ ಆಸ್ಪತ್ರೆಯಲ್ಲೋ, ಹತ್ತಿರದ ಯಾವ ನೇತ್ರವೈದ್ಯರ ಬಳಿಯಾದರೂ ಸರಿ, ಕಣ್ಣನ್ನೇ ಒಮ್ಮೆ ತೋರಿಸಲಿ.

ಪ್ರಶ್ನೆ: ಮಾಲೂರಿನ ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಶನ್ ಕೆಲಸಗಾರನದು. ವೆಲ್ಡಿಂಗ್ ಕಿಡಿಗೂ ಕಪ್ಪಾಗುತ್ತದಲ್ಲ, ಹಾಗಾದರೆ ಶೀಲ್ಡ್ ಬೇಕೇ?

ಉತ್ತರ: ಬೇಕು, ಬೇಕೇ ಬೇಕು. ವೆಲ್ಡಿಂಗ್ ಚಾಪದಲ್ಲಿ ಅತಿನೇರಳೆ ಕಿರಣ ಹೇರಳ, ಕಪ್ಪಾಗುವುದೂ ನಿಜ. ಆದರೆ ಕಪ್ಪಾಗಲು ಅದಕ್ಕೆ ಅರ್ಧ ನಿಮಿಷವಾದರೂ ಹಿಡಿಯುತ್ತದೆ. ಪೂರ್ತಿ ಕಪ್ಪಾದರೂ ವೆಲ್ಡಿಂಗಿಗೆ ಬೇಕಾದ 10ರಿಂದ 13ನೇ ನಂಬರಿನ ಗಾಜಿನ ಮುಂದೆ ಅದು ಕಿಟಕಿಯ ಪರದೆಯಷ್ಟೇ. ಪಕ್ಕದಿಂದ ನುಗ್ಗುವ ಕಿರಣಕ್ಕಂತೂ ತಡೆಯೇ ಇಲ್ಲ. ಮಧ್ಯರಾತ್ರಿ ಕಣ್ಣಲ್ಲಿ ಮರಳು ಹೊಯ್ದಂತೆ ಉರಿದು ಎದ್ದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನ ರೇಷ್ಮೆ ಸಾಕಣೆಯ ಮನೆಯವರದು. ಪೊರೆಯ ಆಪರೇಷನ್ ಆದ ತಾಯಿಗೆ ಈ ಕನ್ನಡಕ ಕೊಡಿಸಿದ್ದಾರೆ. ಹಿಪ್ಪುನೇರಳೆ ಸೊಪ್ಪು ತಂದು ಹುಳುಮನೆಗೆ ಕಾಲಿಟ್ಟರೆ ಏನೂ ಕಾಣುವುದಿಲ್ಲ ಎನ್ನುತ್ತಾರೆ.

ಉತ್ತರ: ಕಪ್ಪಾಗುವಷ್ಟು ಬೇಗ ಈ ಲೆನ್ಸ್ ತಿಳಿಯಾಗುವುದಿಲ್ಲ. ಒಳಗೆ ಬಂದ ಮೊದಲ ಒಂದೆರಡು ನಿಮಿಷ ಅರ್ಧ ಕಪ್ಪು ಉಳಿದೇ ಇರುತ್ತದೆ. ಪೂರ್ತಿ ತಿಳಿಯಾಗಲು ಐದು ನಿಮಿಷ, ಚಳಿಯಲ್ಲಿ ಅಥವಾ ಅಗ್ಗದ ಲೆನ್ಸಿನಲ್ಲಿ ಇನ್ನೂ ಹೆಚ್ಚು. ಹುಳುಮನೆ ಮೊದಲೇ ಮಬ್ಬು, ನೆಲದಲ್ಲಿ ತಟ್ಟೆ, ಬುಟ್ಟಿ. ತಾಯಿ ಹೊಸ್ತಿಲಲ್ಲೇ ಸೊಪ್ಪಿನ ಮೂಟೆ ಇಳಿಸಿ ಸ್ವಲ್ಪ ಸುಧಾರಿಸಿಕೊಳ್ಳಲಿ. ಒಳಗೆ ಹೆಚ್ಚು ಹೊತ್ತು ಕೆಲಸವಿರುವವರಿಗೆ ಒಂದು ಮಾಮೂಲಿ ಬಿಳಿ ಕನ್ನಡಕ, ಹೊರಗೆ ಹೋಗಲು ಒಂದು ಕಪ್ಪು ಕನ್ನಡಕ, ಎರಡೂ ಸೇರಿ ಒಳ್ಳೆಯ ಫೋಟೊಕ್ರೋಮಿಕ್ ಒಂದಕ್ಕಿಂತ ಅಗ್ಗವಾಗುವುದೂ ಉಂಟು. ಆಪರೇಷನ್ನಿನಲ್ಲಿ ಕೂರಿಸುವ ಈಗಿನ ಕೃತಕ ಮಸೂರಗಳು ಸಾಮಾನ್ಯವಾಗಿ ಅತಿನೇರಳೆ ಕಿರಣವನ್ನು ತಾವೇ ತಡೆಯುತ್ತವೆ, ಹಾಗಾಗಿ ಹೆದರಬೇಕಿಲ್ಲ. ಆದರೆ ಆಪರೇಷನ್ ಆಗಿ ವಾರಗಳು ಕಳೆದ ಮೇಲೆ ಬೆಳಕು ಏಕಾಏಕಿ ಚುಚ್ಚತೊಡಗಿ, ಕಣ್ಣು ಕೆಂಪಾಗಿ ನೋವಿದ್ದರೆ ಕನ್ನಡಕದ ಅಂಗಡಿಗಲ್ಲ, ಅದೇ ದಿನ ವೈದ್ಯರ ಬಳಿಗೆ.

ಪ್ರಶ್ನೆ: ಒಂದು ಲೆನ್ಸ್ ಒಡೆದಿದೆ. ಅದೊಂದನ್ನೇ ಹಾಕಿಸಿದರೆ ಸಾಲದೇ? ಕೇಳಿದವರು ಮುಳಬಾಗಿಲಿನ ಕಾಲೇಜು ವಿದ್ಯಾರ್ಥಿನಿ.

ಉತ್ತರ: ಹೊಸದರಲ್ಲಿ, ಒಂದೆರಡು ತಿಂಗಳೊಳಗೆ, ಅದೇ ಕಂಪನಿಯ ಅದೇ ಬಣ್ಣದ್ದು ಸಿಕ್ಕರೆ ಆದೀತು. ವರ್ಷ ದಾಟಿದ್ದರೆ ಜೋಡಿಯಾಗಿಯೇ ಬದಲಿಸಬೇಕು. ಇಲ್ಲವಾದರೆ ಬಿಸಿಲಿನಲ್ಲಿ ಒಂದು ಕಣ್ಣು ಕಪ್ಪು, ಒಂದು ಕಣ್ಣು ಕಂದು. ಹಳೆಯದನ್ನೇ ಉಳಿಸಿಕೊಳ್ಳುವ ಆಸೆಯಿದ್ದರೆ, ನಕಲಿ ನೋಟು ನೋಡುವ ನೇರಳೆ ದೀಪದ ಕೆಳಗೆ ಹಳೆಯದು, ಹೊಸದು ಎರಡನ್ನೂ ಒಂದು ನಿಮಿಷ ಇಡಿಸಿ ನೋಡಲಿ. ಎರಡೂ ಒಂದೇ ಬಣ್ಣಕ್ಕೆ ಬಂದು, ದೀಪ ಆರಿಸಿದ ಮೇಲೆ ಒಂದೇ ಹೊತ್ತಿಗೆ ತಿಳಿಯಾದರೆ ಆಮೇಲೆ ಫ್ರೇಮಿಗೆ ಕೂರಿಸಲು ಹೇಳಬಹುದು.