ಸಾಕು

‘ಸಾಕು’ ಎಂಬ ಮಾತು ಕಿವಿಗೆ ಬೀಳದ ದಿನವಿಲ್ಲ. ಊಟಕ್ಕೆ ಕುಳಿತವನು ಎಲೆಗೆ ಕೈಯಡ್ಡ ಹಿಡಿದು ‘ಸಾಕು’ ಎನ್ನುತ್ತಾನೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ರೈತನು ‘ಎರಡು ಎತ್ತು ಸಾಕಿದ್ದೇನೆ’ ಎನ್ನುತ್ತಾನೆ. ಉಚ್ಚಾರದಲ್ಲಿ ಒಂದೇ ಆದರೂ ಇವು ಬೇರೆ ಬೇರೆ ಪದಗಳು.

ಮೊದಲನೆಯದರ ಮೂಲ ‘ಸಾಲ್’ ಎಂಬ ಧಾತು. ಹಳಗನ್ನಡದ ‘ಸಾಲ್ಕುಂ’ ಎಂಬ ರೂಪವು ಕಾಲಕ್ರಮದಲ್ಲಿ ಸವೆದು ‘ಸಾಕು’ ಆಯಿತು. ‘ಬೇಳ್ಕುಂ’ ಎಂಬುದು ‘ಬೇಕು’ ಆದಂತೆ. ಹೀಗೆ ಮರೆಯಾದ ಲಕಾರವು ನಿಷೇಧರೂಪದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ: ‘ಇಷ್ಟು ಸಾಲದು’. ಎರಡನೆಯದು ಪೋಷಿಸು ಎಂಬ ಅರ್ಥದ ಕ್ರಿಯಾಪದ. ತೆಲುಗಿನಲ್ಲಿಯೂ ಅದು ‘ಸಾಕು’, ತುಳುವಿನಲ್ಲಿ ‘ಸಾಂಕುನಿ’. ಸಾಕುತ್ತಾನೆ, ಸಾಕಿದನು, ಸಾಕನು ಎಂದು ಅದರ ರೂಪಗಳು ನಡೆಯುತ್ತವೆ. ‘ಸಾಲದು’, ‘ಸಾಕನು’ ಎಂಬ ಎರಡು ನಿಷೇಧರೂಪಗಳನ್ನು ಅಕ್ಕಪಕ್ಕದಲ್ಲಿರಿಸಿದರೆ ಭೇದವು ತಾನೇ ತಿಳಿಯುತ್ತದೆ.

ಜೋಳವನ್ನು ನಾವು ಬೆಳೆಯುತ್ತೇವೆ, ಸಾಕುತ್ತೇವೆ ಎನ್ನುವುದಿಲ್ಲ. ಹಸಿವು ಬಲ್ಲ ಜೀವವನ್ನು ಮಾತ್ರ ಸಾಕುತ್ತೇವೆ. ಮಳೆ ತಪ್ಪಿದ ವರ್ಷ, ಮನೆಯ ಕಾಳು ತೀರುತ್ತ ಬಂದಾಗಲೂ ಎತ್ತಿಗೆ ಕಣಿಕೆಯನ್ನು ಹೊಂದಿಸಲು ಅಲೆಯುವ ರೈತನಿಗೆ ಈ ಮಾತಿನ ತೂಕ ಗೊತ್ತು. ತನ್ನ ಹೊಟ್ಟೆಗೆ ‘ಸಾಕು’ ಎಂದುಕೊಂಡೇ ಅವನು ಇನ್ನೊಂದು ಜೀವವನ್ನು ಸಾಕುತ್ತಾನೆ.

ಮನುಷ್ಯರ ವಿಷಯದಲ್ಲಿ ಈ ಪದಕ್ಕೆ ನೆರೆಯದೊಂದಿದೆ: ‘ದತ್ತು’. ಅದು ‘ಕೊಡಲ್ಪಟ್ಟ’ ಎಂಬ ಅರ್ಥದ ಸಂಸ್ಕೃತದ ‘ದತ್ತ’ ಶಬ್ದದಿಂದ ಬಂದುದು. ಅಲ್ಲಿ ಕೊಡುವವರು, ಪಡೆಯುವವರು, ವಿಧಿ, ಕಾಯಿದೆ ಎಲ್ಲವೂ ಇವೆ. ಆದುದರಿಂದಲೇ ಅಧಿಕಾರವುಳ್ಳವರು ಅದನ್ನು ತಡೆಯಲೂ ಬಲ್ಲರು. ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾವೆಗೆ ವಾರಸುದಾರನಿರಲಿಲ್ಲ. ಅವನು ದತ್ತು ತೆಗೆದುಕೊಳ್ಳಲು ಬ್ರಿಟಿಷ್ ಸರಕಾರವು ಒಪ್ಪಲಿಲ್ಲ. 1858ರ ಮೇ ತಿಂಗಳಲ್ಲಿ ಅವನು ಬಂಡೆದ್ದುದಕ್ಕೆ ಇದೊಂದು ಮುಖ್ಯ ಕಾರಣ. ಮರುತಿಂಗಳೇ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದತ್ತು ಎಂಬ ಚಿಕ್ಕ ಮಾತಿನ ಹಿಂದೆ ಒಂದು ಸಂಸ್ಥಾನದ ಅಳಿವು ಉಳಿವು ನಿಂತಿತ್ತು.

‘ಸಾಕುಮಗ’ ಎಂಬ ಮಾತಿನ ನೋಟವೇ ಬೇರೆ. ಅದರಲ್ಲಿ ಕೊಟ್ಟವರ ಸುದ್ದಿಯಿಲ್ಲ. ದಿನದಿನವೂ ಉಣಿಸಿದವರ ದುಡಿಮೆಯಿದೆ. ದತ್ತು ಒಂದು ದಿನದ ವಿಧಿ. ಸಾಕುವುದು ಹಲವು ವರ್ಷಗಳ ನಿತ್ಯವ್ರತ.

ಮಹಾಭಾರತದ ಕರ್ಣನನ್ನು ನೆನೆಯಿರಿ. ಹೆತ್ತ ಕುಂತಿ ಅವನನ್ನು ನದಿಯಲ್ಲಿ ತೇಲಿಬಿಟ್ಟಳು. ಸೂತನ ಮಡದಿ ರಾಧೆ ಎತ್ತಿ ಸಾಕಿದಳು. ಜನ್ಮದಿಂದ ‘ಕೌಂತೇಯ’ನಾದರೂ ಲೋಕವು ಅವನನ್ನು ‘ರಾಧೇಯ’ನೆಂದೇ ಕರೆಯಿತು. ಜನ್ಮರಹಸ್ಯವು ತಿಳಿದ ಮೇಲೂ ಅವನು ಸಾಕಿದವರನ್ನು ಬಿಟ್ಟು ಹೋಗಲೊಪ್ಪಲಿಲ್ಲ. ಸಾಕುತಾಯಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು?

‘ಅವನು ಸಾಕಿದ ಮಗ’ ಎಂದು ದನಿ ತಗ್ಗಿಸಿ ಆಡುವವರನ್ನು ನಾವು ಕಂಡಿದ್ದೇವೆ. ಅಂಥ ಮಾತು ಒಂದು ಎಳೆಯ ಮನಸ್ಸನ್ನು ಎಷ್ಟು ನೋಯಿಸೀತೆಂದು ಅವರು ಯೋಚಿಸುವುದಿಲ್ಲ. ಆದರೆ ಈ ಪದದಲ್ಲಿ ಕೊರತೆಯ ಲೇಶವೂ ಇಲ್ಲ. ಹೆತ್ತವರೂ ಸಾಕಿಯೇ ತಾಯಿತಂದೆಗಳಾಗುತ್ತಾರೆ. ಆ ಅರ್ಥದಲ್ಲಿ ನಾವೆಲ್ಲರೂ ಸಾಕಿದ ಮಕ್ಕಳೇ.

ಅಭ್ಯಾಸ
1. ‘ಸಾಕು’ ಎಂಬ ಎರಡು ಪದಗಳ ಭೇದವನ್ನು ನಿಷೇಧರೂಪಗಳಿಂದ ತೋರಿಸಿರಿ.
2. ‘ದತ್ತು’, ‘ಸಾಕು’ ಎಂಬ ಪದಗಳ ನೋಟ ಹೇಗೆ ಬೇರೆ?
3. ಕರ್ಣನಿಗೆ ‘ರಾಧೇಯ’ ಎಂಬ ಹೆಸರು ಏಕೆ ಬಂದಿತು?